ತಲೆ ಕಡೆ ಹಿಡಿಯುವವರು

ಜನವರಿ ೧೧

ಅಕ್ಕಾ,

ನನ್ನ ಮದುವೆ ಆಗಿಹೋಯಿತು. ಮೊನ್ನೆ ಶುಕ್ರವಾರ, ರಿಜಿಸ್ಟ್ರಾರ್ ಕಚೇರಿಯಲ್ಲಿ, ಪಕ್ಕದವರ ಹತ್ತಿರ ಎರವಲು ಪಡೆದ ಪೆನ್ನಿನಲ್ಲಿ ಸಹಿ ಹಾಕಿ. ಅವಸರಕ್ಕೆ ನನ್ನ ಸಹಿ ಯಾರೋ ಡಾಕ್ಟರು ಬರೆದ ಔಷಧಿ ಚೀಟಿಯ ಹಾಗೆ ಬಂತು. ಗುಮಾಸ್ತರು ಕನ್ನಡಕ ಏರಿಸಿ ನನ್ನನ್ನೊಮ್ಮೆ, ಅದನ್ನೊಮ್ಮೆ ನೋಡಿ ಸೀಲು ಒತ್ತಿದರು.

ಫೋನಿನಲ್ಲೇ ಹೇಳೋಣ ಅಂತ ಶುರುಮಾಡಿದ್ದೆ. ‘ಮದುವೆ’ ಅನ್ನುವಷ್ಟರಲ್ಲಿ ನೀನು ಇಟ್ಟುಬಿಟ್ಟೆ. ಆಮೇಲಿಂದ ನನ್ನ ಕರೆ ಹೋಗುತ್ತಲೇ ಇಲ್ಲ. ನಂಬರ್ ಬ್ಲಾಕ್ ಮಾಡಿದ್ದೀಯ ಅಂತ ಇವರು ಹೇಳಿದರು. ಮಾಡು. ಕಾಗದವನ್ನು ಬ್ಲಾಕ್ ಮಾಡುವ ಬಟನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಇಂಗ್ಲಿಷ್ ಮೀಡಿಯಮ್ಮಿನವಳು, ಒತ್ತಕ್ಷರ ಜಾರಿದರೆ ಹೊಟ್ಟೆಗೆ ಹಾಕಿಕೋ.

ಆಫೀಸಿನ ಟ್ರೇನಿಂಗ್ ಇದೆ ಅಂತ ಸುಳ್ಳು ಹೇಳಿ ಹೊರಟೆ, ಅದು ತಪ್ಪು. ಒಪ್ಪಿಕೊಂಡೆ. ಈಗ ಮುಂದಕ್ಕೆ ಓದು, ಯಾಕೆಂದರೆ ನನಗೆ ಹೇಳುವುದಕ್ಕೆ ಬೆಟ್ಟದಷ್ಟಿದೆ.

ಹೋದ ಮಳೆಗಾಲದಲ್ಲಿ ನಮ್ಮ ವಿಮೆ ಆಫೀಸಿಗೆ ಒಬ್ಬರು ಬಂದು ಬೆಂಕಿ, ಪ್ರವಾಹ, ಭೂಕಂಪ ಬಂದರೆ ಮನೆಯವರು ಏನು ಮಾಡಬೇಕು ಅಂತ ಕ್ಲಾಸ್ ತಗೊಂಡರು ಅಂದಿದ್ದೆನಲ್ಲ? ಅವರೇ. ಕ್ಲಾಸಿನಲ್ಲಿ ಅವರು, ‘ತಾನಾಗಿ ಮೆಟ್ಟಿಲಿಳಿಯಲಾಗದವರು ಯಾರ ಮನೆಯಲ್ಲಿದ್ದಾರೆ?’ ಅಂತ ಕೇಳಿದರು. ಅಷ್ಟು ಜನರಲ್ಲಿ ಕೈ ಎತ್ತಿದವಳು ನಾನೊಬ್ಬಳೇ. ಅಪ್ಪನ ವಿಷಯ, ಅವರನ್ನು ಮಲಗಿಸಿ ಮೆಟ್ಟಿಲಿಳಿಸುವ ನಮ್ಮ ಹಾಸಿನ ವಿಷಯ ಎಲ್ಲ ಹೇಳಿದೆ. ಟೀ ಹೊತ್ತಿನಲ್ಲಿ ಅವರೇ ಹುಡುಕಿಕೊಂಡು ಬಂದು ಆ ಹಾಸಿನ ಚಿತ್ರ ಬರೆದು ತೋರಿಸ್ತೀರಾ ಅಂದರು. ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಒರಗಿ ನಿಂತು ಬರೆದುಕೊಟ್ಟೆ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಈ ಮನೆ ನೀನು ನೋಡಬೇಕು. ನೆಲ ಮಹಡಿ. ಎರಡೇ ಕೋಣೆ, ಆದರೆ ಎರಡಕ್ಕೂ ಹೊರಗೆ ಹೋಗುವ ಬಾಗಿಲಿದೆ. ಬಾಗಿಲ ಹಿಂದೆ ಒಂದು ಚೀಲ, ಅದರಲ್ಲಿ ಟಾರ್ಚು, ಔಷಧಿ, ಒಣ ತಿಂಡಿ, ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ. ಮಂಚದ ಕೆಳಗೆ ಗಟ್ಟಿ ಬೂಟು, ಗಾಜು ಒಡೆದರೆ ಕಾಲಿಗೆ ಚುಚ್ಚದಿರಲಿ ಅಂತ. ಮಲಗುವ ಮುಂಚೆ ಇವರು ಗ್ಯಾಸ್ ತಿರುಗಿಸಿ ‘ಆಫ್’ ಅನ್ನುತ್ತಾರೆ, ನಾನೂ ಮುಟ್ಟಿ ನೋಡಿ ‘ಆಫ್’ ಅನ್ನಬೇಕು. ಇದಕ್ಕಿಂತ ಮುದ್ದಾದ ಶುಭರಾತ್ರಿ ಯಾರಿಗೆ ಸಿಕ್ಕಿದೆ ಹೇಳು.

ಅಪ್ಪನಿಗೆ ಹೇಳು. ನಿಧಾನವಾಗಿ ಹೇಳು. ಅವರು ನಕ್ಕರೆ ನನಗೆ ಬರಿ.

ನಿನ್ನ ಗಿಡ್ಡಿ


ಜನವರಿ ೧೯

ಗಿಡ್ಡಿ,

ಕಾಗದ ಬಂತು. ಓದಿದೆ. ನನ್ನದು ಒಂದೇ ಪ್ರಶ್ನೆ. ಇನ್ನು ಮೇಲೆ ತಲೆ ಕಡೆ ಹಿಡಿಯೋರು ಯಾರು?

ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ನಿನ್ನ ಎಚ್ಚರಿಕೆ ಮೇಷ್ಟ್ರಿಗೆ ಓದಿ ಹೇಳು. ನೀನು ಸಿಲಿಂಡರಿಗೆ ಒರಗಿ ಹೇಳಿದ್ದರಲ್ಲಿ ಎಷ್ಟು ಅವರ ಕಿವಿಗೆ ಬಿತ್ತೋ ನನಗೆ ಗೊತ್ತಿಲ್ಲ.

ಅಪ್ಪ ಲಿಫ್ಟ್ ರಿಪೇರಿ ಮಾಡಿಯೇ ನಮ್ಮಿಬ್ಬರನ್ನು ಸಾಕಿದವರು. ಬಲಗಡೆಗೆ ಲಕ್ವ ಹೊಡೆದ ಮೇಲೆ ಕುರ್ಚಿ ಹಿಡಿದಿದ್ದಾರೆ. ನಮ್ಮದು ಮೂರನೇ ಮಹಡಿ. ದಿನಾ ಬಿಸಿಲಿಗೆ ಹೋಗುವಾಗ ಲಿಫ್ಟ್ ಸಾಕು. ಹೊಗೆ ಎದ್ದ ದಿನ ಲಿಫ್ಟ್ ಮುಟ್ಟುವ ಹಾಗಿಲ್ಲ. ಹೊಗೆ ತುಂಬಿ ನಿಂತ ಲಿಫ್ಟಿನ ಬಾಗಿಲು ಮೀಟಿ ಒಳಗಿದ್ದವರನ್ನು ಹೊರಗೆ ಎಳೆದು ಹಾಕಿದ ಕೈ ಅವರದು, ಹೊರಗೆ ಬಂದವರಲ್ಲಿ ಕೆಲವರು ಉಸಿರಾಡುತ್ತಿರಲಿಲ್ಲ. ಅದಕ್ಕೇ ಈ ಕ್ಯಾನ್ವಾಸ್ ಹಾಸು. ಯೂನಿಫಾರ್ಮ್ ಹೊಲಿಯುವ ಇದೇ ಮೆಷಿನ್ನಿನಲ್ಲಿ, ಎರಡು ಸೂಜಿ ಮುರಿದು ನಾನು ಹೊಲಿದದ್ದು. ಅಪ್ಪನನ್ನು ಅದರ ಮೇಲೆ ಮಲಗಿಸಿ ಪಟ್ಟಿಗಳನ್ನು ಭುಜಕ್ಕೆ ಹಾಕಿಕೊಂಡು ಮೆಟ್ಟಿಲಿಳಿಯಬೇಕು. ಕಾಲ ಕಡೆ ಕೆಳಗೆ ನಾನು, ತಲೆ ಕಡೆ ಮೇಲೆ ನೀನು. ನಾನು ಏಣಿ, ನೀನು ಗಿಡ್ಡಿ, ಆದ್ದರಿಂದ ಮೆಟ್ಟಿಲ ಮೇಲೆ ಅಪ್ಪ ಮಟ್ಟಸವಾಗಿ ಬರುತ್ತಾರೆ. ಒಂದೊಂದು ಪಟ್ಟಿಯನ್ನೂ ನಿನ್ನ ಭುಜಕ್ಕೆ ಹಿಡಿದು ಅಳೆದು ಹೊಲಿದಿದ್ದೇನೆ.

ಅಪ್ಪ ಯಾವ ಹೊತ್ತಿನಲ್ಲಾದರೂ ಲೋಟಕ್ಕೆ ಚಮಚ ಬಡಿಯುತ್ತಿದ್ದರು. ಬಡಿದರೆ ನೀನು ತಲೆ ಬಾಚುತ್ತಿರಲಿ, ನಾನು ಅನ್ನ ಬಸಿಯುತ್ತಿರಲಿ, ಬಿಟ್ಟು ಎದ್ದು ಬರಬೇಕು, ಅಭ್ಯಾಸ ಮಾಡಬೇಕು. ನೀನು ಗೊಣಗುತ್ತಲೇ ಬರುತ್ತಿದ್ದೆ, ಆದರೆ ಬರುತ್ತಿದ್ದೆ.

ಮನೆಗೊಂದು ಯೋಜನೆ ಇರಬೇಕು ಅಂತ ಊರೂರು ಸುತ್ತಿ ಹೇಳುವ ಮನುಷ್ಯ, ಯೋಜನೆ ಇದ್ದ ಒಂದೇ ಒಂದು ಮನೆಯಿಂದ ಅರ್ಧ ಯೋಜನೆ ಹೊತ್ತುಕೊಂಡು ಹೋದ. ಇದಕ್ಕೆ ಅವರ ಕ್ಲಾಸಿನಲ್ಲಿ ಏನಂತ ಹೆಸರು, ಕೇಳಿ ಬರಿ.

ಅಪ್ಪನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ.

ಅಕ್ಕ


ಜನವರಿ ೨೮

ಅಕ್ಕಾ,

ಅಂತೂ ಬರೆದೆಯಲ್ಲ. ಬೈದೇ ಬರೆದರೂ ನಿನ್ನ ಗುಂಡು ಅಕ್ಷರ ನೋಡಿ ಕಾಗದಕ್ಕೆ ಮುತ್ತಿಟ್ಟೆ, ಇವರು ನೋಡಿ ನಕ್ಕರು.

ನಿನ್ನ ಕೋಪ ನನಗೆ ಅರ್ಥವಾಗುತ್ತೆ. ಮದುವೆಗೆ ಕರೆಯಲಿಲ್ಲ, ಒಂದು ಸೀರೆ ತರಲಿಲ್ಲ, ದೊಡ್ಡವಳು ಮನೆಯಲ್ಲಿರುವಾಗ ಚಿಕ್ಕವಳು ಮುಂದೆ ಹೋದಳು ಅಂತ ನಾಲ್ಕು ಜನ ಆಡಿಕೊಳ್ಳುತ್ತಾರೆ. ಹಾಸು, ಪಟ್ಟಿ ಎಲ್ಲ ನೆಪ ತಾನೆ? ನನಗೆ ನೀನು ಗೊತ್ತಿಲ್ಲವಾ. ಸೀರೆ ಬೇಕಾದರೆ ಬಾಯಿ ಬಿಟ್ಟು ಕೇಳು.

ಆದರೂ ನಿನ್ನ ಕಾಗದವನ್ನು ಇವರಿಗೆ ಪೂರ್ತಿ ಓದಿ ಹೇಳಿದೆ. ‘ಮನುಷ್ಯ’ ಅಂದದ್ದನ್ನೂ ಬಿಡಲಿಲ್ಲ. ಇವರು ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ ಹೇಳಿದ್ದು ಇದು: ಒಬ್ಬರ ಮೇಲೇ ನಿಂತ ಯೋಜನೆ ಯೋಜನೆಯೇ ಅಲ್ಲ. ಆ ಒಬ್ಬರಿಗೆ ಜ್ವರ ಬರಬಹುದು, ಬಸ್ಸು ತಪ್ಪಬಹುದು, ಮದುವೆಯಾಗಬಹುದು. (ಕೊನೆಯದನ್ನು ಹೇಳುವಾಗ ನನ್ನ ಜಡೆ ಎಳೆದರು.) ಆದ್ದರಿಂದ ಇನ್ನೊಬ್ಬರಿಗೆ ಕಲಿಸು. ಎದುರು ಮನೆ ಬ್ಯಾಂಕಿನವರಿದ್ದಾರಲ್ಲ, ಆಳು ಎತ್ತರ, ಬೆಳಿಗ್ಗೆ ಎದ್ದು ಓಡುತ್ತಾರೆ, ಮನೆಯಲ್ಲೇ ಕೂತು ಕೆಲಸ ಮಾಡುವ ದಿನಗಳೂ ಇವೆ. ನನಗಿಂತ ಎರಡರಷ್ಟು ಶಕ್ತಿ. ತಲೆ ಕಡೆ ಅವರನ್ನು ನಿಲ್ಲಿಸು, ನಾನು ಯಾವ ಲೆಕ್ಕ.

ನಿನಗೊಂದು ಗುಟ್ಟು. ಇವರು ಈಗ ಎಲ್ಲ ಕ್ಲಾಸಿನಲ್ಲೂ ನಮ್ಮ ಮನೆಯ ಕಥೆ ಹೇಳುತ್ತಾರೆ. ಹೆಸರಿಲ್ಲದೆ, ಗಾಬರಿಯಾಗಬೇಡ. ಇಬ್ಬರು ಅಕ್ಕತಂಗಿಯರು, ಒಬ್ಬ ಅಪ್ಪ, ಮೂರನೇ ಮಹಡಿ, ಒಂದು ಹಾಸು. ‘ಈ ಯೋಜನೆಯಲ್ಲಿ ತಪ್ಪೆಲ್ಲಿದೆ?’ ಅಂತ ಕೇಳುತ್ತಾರೆ. ಜನ ಎಷ್ಟು ಚೆನ್ನಾಗಿ ಚರ್ಚೆ ಮಾಡುತ್ತಾರೆ ಗೊತ್ತಾ. ನಾನು ಹಿಂದಿನ ಬೆಂಚಿನಲ್ಲಿ ಕೂತು ಒಳಗೊಳಗೇ ಉಬ್ಬಿಹೋಗುತ್ತೇನೆ.

ಜೊತೆಗೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ಟಾರ್ಚು, ಬೆಳ್ಳಿಕಾಗದದ ಹಾಗೆ ಹೊಳೆಯುವ ಬೆಚ್ಚನೆ ಹೊದಿಕೆ, ನೀರು ಶುದ್ಧ ಮಾಡುವ ಮಾತ್ರೆ, ಮತ್ತೆ ಅಪ್ಪನ ಕೊರಳಿಗೆ ಹಾಕಲು ಒಂದು ಕಿತ್ತಳೆ ಸೀಟಿ. ಅಪಾಯ ಬಂದರೆ ಊದಿದರಾಯಿತು, ಬೀದಿಯ ತುದಿಗೆ ಕೇಳುತ್ತದೆ. ಬಣ್ಣ ನಾನೇ ಆರಿಸಿದೆ.

ಗಿಡ್ಡಿ


ಫೆಬ್ರವರಿ ೯

ಗಿಡ್ಡಿ,

ಸೀಟಿ ವಾಪಸ್ ಕಳಿಸಿದ್ದೇನೆ.

ಅಪ್ಪನಿಗೆ ಬಲಗಡೆ ತುಟಿ ಕೂಡುವುದಿಲ್ಲ. ಕಾಫಿ ಕುಡಿಸುವಾಗ ಗಲ್ಲದ ಕೆಳಗೆ ಟವೆಲ್ ಹಿಡಿಯುತ್ತಿದ್ದವಳು ನೀನೇ. ಪಾರ್ಸೆಲ್ ಬಿಚ್ಚಿದಾಗ ಅವರು ಅದನ್ನು ಕೈಗೆ ತಗೊಂಡರು, ಬಾಯಿಗಿಟ್ಟರು, ಊದಿದರು. ಗಾಳಿ ಎಲ್ಲ ಪಕ್ಕದಿಂದ ಹೋಯಿತು. ಮತ್ತೆ ಊದಿದರು. ನೀನು ಕಳಿಸಿದ್ದು ಅಂತ ನಾನು ಬಾಯಿಬಿಡಬಾರದಿತ್ತು, ಬಿಟ್ಟೆ, ಅದಕ್ಕೇ ಬಿಡದೆ ಊದುತ್ತಲೇ ಇದ್ದರು. ಕಡೆಗೆ ಕಿತ್ತುಕೊಂಡೆ. ಮದುವೆಯಾಗಿ ಒಂದು ತಿಂಗಳಿಗೆ ಅಪ್ಪನ ಮುಖ ಯಾವ ಕಡೆಗೆ ವಾಲಿದೆ ಅನ್ನೋದು ಮರೆತುಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮದುವೆ ಅಂದರೆ ಅಷ್ಟು ಚೆನ್ನಾಗಿರುತ್ತದೆ ಅಂತಾಯಿತು.

ಸೀರೆ ನಿನ್ನ ಹತ್ತಿರವೇ ಇರಲಿ. ನಾನು ಹಾಸಿನ ಮಾತಾಡಿದರೆ ಹಾಸಿನ ಮಾತೇ. ಅದರೊಳಗೆ ಮಡಿಸಿಟ್ಟ ಬೇರೆ ಏನೂ ಇಲ್ಲ.

ಇನ್ನು ನಮ್ಮ ಅಪ್ಪನನ್ನು ಗುರುತುಪರಿಚಯವಿಲ್ಲದ ಜನರ ಮುಂದೆ ಹಾಸಿನ ಮೇಲೆ ಮಲಗಿಸಿ ‘ತಪ್ಪೆಲ್ಲಿದೆ’ ಅಂತ ಕೇಳಿಸುತ್ತಿದ್ದೀಯ. ನಿನ್ನ ಮೇಷ್ಟ್ರಿಗೆ ಹೇಳು, ಮುಂದಿನ ಕ್ಲಾಸಿನಲ್ಲಿ ಉತ್ತರವನ್ನೂ ಹೇಳಲಿ. ಹಿಂದಿನ ಬೆಂಚಿಗೆ ಬೆರಳು ತೋರಿಸಿದರೆ ಸಾಕು.

ಬ್ಯಾಂಕಿನವರನ್ನು ಕೇಳಿದೆ. ನಿನ್ನ ಮಾತು ಕೇಳಿ ಅಲ್ಲ, ಬೇರೆ ಯಾರೂ ಇಲ್ಲ ಅಂತ. ಪಾಪ, ಖುಷಿಯಿಂದಲೇ ಒಪ್ಪಿದರು. ಭಾನುವಾರ ಅಭ್ಯಾಸ.

ಅಕ್ಕ


ಫೆಬ್ರವರಿ ೨೦

ಅಕ್ಕಾ,

ಸೀಟಿಯ ವಿಷಯ ಓದಿ ಊಟ ಸೇರಲಿಲ್ಲ. ಇವರು ಹೇಳಿದರು, ಗಂಟೆ ಕಳಿಸೋಣ, ಎಡಗೈಯಲ್ಲಿ ಆಡಿಸಬಹುದು ಅಂತ. ಬೇಡ ಅಂದೆ. ಅಪ್ಪನಿಗೆ ಚಮಚ ಇದೆ ಅಂದೆ. ಇನ್ನು ಕ್ಲಾಸಿನಲ್ಲಿ ನಮ್ಮ ಮನೆ ಕಥೆ ಬೇಡ ಅಂತಲೂ ಹೇಳಿದ್ದೇನೆ. ಸರಿ ಅಂದಿದ್ದಾರೆ, ಸ್ವಲ್ಪ ಮುಖ ಸಣ್ಣ ಮಾಡಿಕೊಂಡು.

ಭಾನುವಾರದ ಅಭ್ಯಾಸ ಹೇಗಾಯಿತು? ಬ್ಯಾಂಕಿನವರು ಚೆನ್ನಾಗಿ ಹಿಡಿದರಾ? ನನಗಿಂತ ಚೆನ್ನಾಗಿ ಹಿಡಿದರು ಅಂತ ನೀನು ಬರೆದೇ ಬರೆಯುತ್ತೀಯ, ನನ್ನ ಹೊಟ್ಟೆ ಉರಿಸಲಿಕ್ಕೆ. ಬರಿ, ಉರಿಸು.

ಇಲ್ಲಿ ನಾನು ಒಂದು ಸಣ್ಣ ಲೇಡಿ ಆಫೀಸರ್ ಆಗಿದ್ದೇನೆ. ಇವರ ಜೊತೆ ಹೋಗಿ ಗೃಹಿಣಿಯರಿಗೆ ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ, ಒದ್ದೆ ಬಟ್ಟೆ ಹೊದಿಸಿ ಅಂತ ಮಾಡಿ ತೋರಿಸುತ್ತೇನೆ. ನಿನ್ನೆ ಒಬ್ಬರು ಅಜ್ಜಿ ಎದ್ದು ನಿಂತು, ‘ಏನಮ್ಮಾ, ನೀನು ಅಡುಗೆ ಮಾಡಿದ ಹಾಗೆ ಕಾಣೋಲ್ಲ, ಬರೀ ಆರಿಸಿದ ಹಾಗೆ ಕಾಣುತ್ತೆ’ ಅಂದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನೀನಿದ್ದಿದ್ದರೆ ಅಜ್ಜಿಯ ಕಡೆ ಸೇರಿಕೊಳ್ಳುತ್ತಿದ್ದೆ.

ಅಪ್ಪ ನನ್ನನ್ನು ಕೇಳುತ್ತಾರಾ? ಒಂದು ಸಾಲು ಬರಿ.

ಗಿಡ್ಡಿ


ಮಾರ್ಚ್ ೪

ಅಕ್ಕಾ,

ಎರಡು ವಾರವಾಯಿತು, ಒಂದು ಸಾಲಿಲ್ಲ. ಇದು ಶಿಕ್ಷೆ ಅಂತ ನನಗೆ ಗೊತ್ತು. ಚಿಕ್ಕವಳಿದ್ದಾಗ ನಿನ್ನ ಕತ್ತರಿ ಮುಟ್ಟಿದರೂ ನೀನು ಹೀಗೇ ಮಾಡುತ್ತಿದ್ದೆ. ಬಾಯಿ ಹೊಲಿದುಕೊಂಡು ತಟ್ಟೆ ಮಾತ್ರ ಕುಕ್ಕಿ ಇಡುತ್ತಿದ್ದೆ.

ನನಗೂ ರೋಷ ಇದೆ. ನಾನು ಯಾರ ಮನೆಗೂ ಕನ್ನ ಹಾಕಿಲ್ಲ, ಮದುವೆಯಾಗಿದ್ದೇನೆ. ಒಬ್ಬಳು ಸುಖವಾಗಿದ್ದಾಳೆ ಅಂತ ಇನ್ನೊಬ್ಬಳು ಕಣ್ಣೀರು ಹಾಕಬೇಕಾಗಿಲ್ಲ.

ಬರೆಯದಿದ್ದರೆ ಬಿಡು. ನಾನೂ ಬರೆಯುವುದಿಲ್ಲ.

ಗಿಡ್ಡಿ


ಮಾರ್ಚ್ ೧೨

ಗಿಡ್ಡಿ,

ಶಿಕ್ಷೆ ಅಲ್ಲ. ಕೈ ಬಿಡುವಿರಲಿಲ್ಲ. ಈಗ ಬಿಡುವಾಗಿದೆ, ಆದ್ದರಿಂದ ಎಲ್ಲವನ್ನೂ ಬರೆಯುತ್ತೇನೆ. ಕೂತು ಓದು.

ಬ್ಯಾಂಕಿನವರು ಆ ಭಾನುವಾರ ಬಂದರು. ತಲೆ ಕಡೆ ನಿಂತು ಪಟ್ಟಿ ಭುಜಕ್ಕೆ ಹಾಕಿಕೊಂಡರು. ಅವರು ನನಗಿಂತ ಎತ್ತರ. ನಿನ್ನ ಭುಜಕ್ಕೆ ಹೊಲಿದ ಪಟ್ಟಿ ಅವರ ಭುಜಕ್ಕೆ ಏರಿದಾಗ ಅಪ್ಪನ ತಲೆ ಎಲ್ಲೋ ಮೇಲೆ ಹೋಯಿತು. ನಾನು ನೋಡಿದೆ. ಇಳಿಯುತ್ತ ಸರಿಹೋಗುತ್ತದೆ ಅಂದುಕೊಂಡೆ. ಎರಡನೇ ಮಹಡಿಯ ತಿರುವಿನಲ್ಲಿ ಅಪ್ಪ ಹಾಸಿನ ಮೇಲಿಂದ ಜಾರಿ ನನ್ನ ಎದೆಗೆ ಬಂದು ಬಿದ್ದರು. ಅವರ ಸೊಂಟ ಮೆಟ್ಟಿಲ ಅಂಚಿಗೆ ತಗುಲಿತು. ಮೂಳೆ ಮುರಿಯಲಿಲ್ಲ, ಆದರೆ ಸೊಂಟದಿಂದ ತೊಡೆಯವರೆಗೆ ನೇರಳೆ ಹಣ್ಣಿನ ಬಣ್ಣ. ಬ್ಯಾಂಕಿನವರು ಕ್ಷಮಿಸಿ ಕ್ಷಮಿಸಿ ಅಂದರು. ಮಾರನೆ ದಿನದಿಂದ ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ತಪ್ಪು ಅವರದಲ್ಲ. ಎರಡೇ ಮೈಗೆ ಅಳೆದು ಹೊಲಿದವಳು ನಾನು, ಅದಕ್ಕೆ ಮೂರನೇ ಮೈ ತೂರಿಸು ಅಂದವಳು ನೀನು.

ಅದು ಮೊದಲನೆಯದು.

ಹೋದ ವಾರ ಮಧ್ಯಾಹ್ನ ಕೆಳಗಿನ ಮೀಟರ್ ಬೋರ್ಡಿಗೆ ಬೆಂಕಿ ಹತ್ತಿತು. ರಬ್ಬರ್ ಸುಟ್ಟ ವಾಸನೆ ಬಂತು, ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕರಿ ಹೊಗೆ ಹತ್ತಿ ಬರುತ್ತಿತ್ತು. ಮೇಲೆ ಕೆಳಗೆ ಎಲ್ಲರೂ ಕೆಲಸಕ್ಕೆ ಹೋದ ಹೊತ್ತು. ಬ್ಯಾಂಕಿನವರ ಬಾಗಿಲು ಬಡಿದೆ, ಬೀಗ ಇತ್ತು. ಹಾಸು ಹಾಸಿ ಅಪ್ಪನನ್ನು ಅದರ ಮೇಲೆ ಉರುಳಿಸಿ ಒಬ್ಬಳೇ ಎಳೆದೆ. ಹೊಸ್ತಿಲ ತನಕ ಬಂತು. ಮೆಟ್ಟಿಲ ಮೇಲೆ ಒಬ್ಬಳೇ ಎಳೆದರೆ ಏನಾಗುತ್ತದೆ ಅಂತ ಅವರ ಸೊಂಟ ನೋಡಿದವಳಿಗೆ ಗೊತ್ತಿತ್ತು. ಅಪ್ಪ ಎಡಗೈಯಿಂದ ನನ್ನನ್ನು ನೂಕಿದರು. ‘ನಡಿ’ ಅಂದರು. ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿ ವರ್ಷಗಳಾಗಿದ್ದವು.

ನಾನು ಅವರನ್ನು ಹಿಂದಕ್ಕೆ ಎಳೆದು ಬೀದಿ ಕಿಟಕಿಯ ಕೆಳಗೆ ಒರಗಿಸಿದೆ. ಒದ್ದೆ ಟವೆಲ್ ಮುಖಕ್ಕೆ ಕಟ್ಟಿದೆ. ಲೋಟ ಪಕ್ಕಕ್ಕಿಟ್ಟು ಚಮಚ ಎಡಗೈಗೆ ಕೊಟ್ಟೆ. ಬಾಗಿಲೆಳೆದು ಹೊರಗಿನಿಂದ ಸಂದಿಗೆ ಒದ್ದೆ ಬಟ್ಟೆ ತುರುಕಿದೆ. ಆಮೇಲೆ ನಾನು ಇಳಿದುಹೋದೆ.

ಇನ್ನೊಂದು ಸಲ ಓದು. ಅಪ್ಪನನ್ನು ಬಿಟ್ಟು ನಾನು ಇಳಿದುಹೋದೆ. ಮೊದಲು ನಿಮ್ಮನ್ನು ಉಳಿಸಿಕೊಳ್ಳಿ, ಆಮೇಲೆ ಸಹಾಯ ಕರೆಯಿರಿ ಅಂತ ನಿನ್ನ ಮೇಷ್ಟ್ರ ಕ್ಲಾಸಿನಲ್ಲಿ ಹೇಳುತ್ತಾರಲ್ಲ, ಅಕ್ಷರ ಬಿಡದೆ ಹಾಗೇ ಮಾಡಿದೆ. ನೂರಕ್ಕೆ ನೂರು ಅಂಕ ಕೊಡಲಿ.

ಬೀದಿಯಲ್ಲಿ ನಿಂತು ಕೂಗಿದೆ. ವಾಚ್‌ಮನ್ ಮೇನ್ ಸ್ವಿಚ್ಚಿಗೆ ಓಡಿದ. ಮೇಲಿಂದ ಚಮಚದ ಸದ್ದು ಕೇಳುತ್ತಿತ್ತು. ಅದು ಕೇಳುವವರೆಗೆ ಅಪ್ಪ ಇದ್ದಾರೆ ಅಂತ ಅರ್ಥ. ನಾನು ಯಾರಿಗೋ ವಿಳಾಸ ಹೇಳುತ್ತಿದ್ದೆ, ಸದ್ದು ನಿಂತಿತು. ಹೊಗೆಯೊಳಗೆ ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲು ನೂಕಿದರೆ ಅಪ್ಪ ಕೂತಲ್ಲೇ ಕೂತಿದ್ದರು. ಚಮಚ ಕೈಜಾರಿ ಪಕ್ಕದ ಕುರ್ಚಿಯ ಅಡಿಗೆ ಹೋಗಿತ್ತು, ಅಷ್ಟೇ. ಅವರು ಅದನ್ನು ಹುಡುಕುತ್ತಿದ್ದರು.

ಹೊಗೆ ತಾನಾಗಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಅಪ್ಪ ನನ್ನ ಮೇಲೆ ಸಿಟ್ಟು ಮಾಡಿಕೊಂಡಿಲ್ಲ. ಅದನ್ನೇ ನನ್ನಿಂದ ತಡೆಯಲಾಗುತ್ತಿಲ್ಲ.

ಈಗ ಹೇಳು. ಸೀರೆಯ ಬಣ್ಣ ಯಾವುದು?

ಅಕ್ಕ


ಮಾರ್ಚ್ ೧೬

ಅಕ್ಕ,

ನೀನು ಅವರನ್ನು ಬಿಟ್ಟು ಇಳಿದೆ. ಎಷ್ಟು ಸಲ ಓದಿದರೂ ಅದೇ ಬರೆದಿದೆ.

ಸರಿಯಾದದ್ದನ್ನೇ ಮಾಡಿದ್ದಾರೆ ಅಂದರು ಇವರು. ಬಾಗಿಲ ಸಂದಿ ಮುಚ್ಚಿದ್ದು, ಕಿಟಕಿಯ ಕೆಳಗೆ ಕೂರಿಸಿದ್ದು, ಎಲ್ಲ ಸರಿ, ಅದರಿಂದಲೇ ಉಳಿದರು ಅಂದರು. ನಾನು ಇವರ ಮೇಲೆ ಕೂಗಾಡಿದೆ. ಈ ಮನೆಗೆ ಬಂದ ಮೇಲೆ ಮೊದಲ ಸಲ. ಸರಿ ಅಂತ ನನಗೂ ಗೊತ್ತು, ನಾನೇ ಅದನ್ನು ಸಭೆ ತುಂಬ ಜನರಿಗೆ ಹೇಳುತ್ತೇನೆ. ಆದರೆ ಅಲ್ಲಿ ಕೂತಿದ್ದವರು ನನ್ನ ಅಪ್ಪ.

ನಿನಗೆ ಒಂದು ವಿಷಯ ತಪ್ಪು ತಿಳಿದಿದೆ. ಈ ಮನುಷ್ಯ ನನ್ನನ್ನು ಹೊತ್ತುಕೊಂಡು ಹೋದರು ಅಂತ ಬರೆಯುತ್ತಲೇ ಇದ್ದೀಯ. ಯಾರೂ ಹೊತ್ತುಕೊಂಡು ಹೋಗಲಿಲ್ಲ. ನಾನು ಓಡಿಬಂದೆ. ಲೋಟದ ಸದ್ದಿನಿಂದ ಓಡಿಬಂದೆ. ಆಫೀಸಿನಲ್ಲಿ ಯಾರೋ ಟೀ ಕಲಕಿದರೂ ಎದ್ದು ನಿಲ್ಲುತ್ತಿದ್ದೆ. ಸಿನಿಮಾಕ್ಕೆ ಹೋಗುವ ಹಾಗಿಲ್ಲ, ಬೇರೆ ಊರಿನ ಕೆಲಸಕ್ಕೆ ಅರ್ಜಿ ಹಾಕುವ ಹಾಗಿಲ್ಲ, ಯಾಕೆಂದರೆ ಪಟ್ಟಿ ನನ್ನ ಭುಜಕ್ಕೆ ಹೊಲಿದಿದೆ. ನೀನು ಹೆಮ್ಮೆಯಿಂದ ಹೇಳುತ್ತೀಯಲ್ಲ, ಅಳೆದು ಹೊಲಿದೆ ಅಂತ. ಪಟ್ಟಿಯನ್ನು ಕ್ಯಾನ್ವಾಸಿಗೆ ಹೊಲಿದೆಯೋ ನನಗೇ ಹೊಲಿದೆಯೋ. ನೆಲ ಮಹಡಿಯಲ್ಲಿ ನಿಂತಿದೆ ಅಂದರೆ ಲೈಟುಕಂಬವನ್ನಾದರೂ ಮದುವೆಯಾಗುತ್ತಿದ್ದೆ. ಇವರು ಒಳ್ಳೆಯವರಾಗಿದ್ದು ನನ್ನ ಅದೃಷ್ಟ.

ಇದನ್ನು ಒಂದೇ ಒಂದು ಸಲ ನಿನ್ನ ಮುಖಕ್ಕೆ ಹೇಳಿದ್ದರೆ ನೀನು ಬೇರೆ ಯಾರನ್ನಾದರೂ ಹುಡುಕುತ್ತಿದ್ದೆ. ಹೇಳಲಿಲ್ಲ. ಹೇಳಿದರೆ ನೀನು ಹೇಗೆ ನೋಡುತ್ತೀಯ ಅಂತ ಗೊತ್ತಿತ್ತು.

ನೀನು ಅಪ್ಪನನ್ನು ಕರೆದುಕೊಂಡು ಇಲ್ಲಿಗೆ ಬಾ. ನೆಲ ಮಹಡಿ. ಎರಡು ಬಾಗಿಲು. ಇವರೂ ಹೂಂ ಅಂದಿದ್ದಾರೆ. ಇಲ್ಲವಾದರೆ ನಾನು ಬಂದು ಅಪ್ಪನನ್ನು ಕರೆತರುತ್ತೇನೆ.

ಗಿಡ್ಡಿ


ಏಪ್ರಿಲ್ ೨

ಗಿಡ್ಡಿ,

ಮೊದಲಿಗೆ, ಅಪ್ಪ ಸೂಟ್‌ಕೇಸ್ ಅಲ್ಲ, ನೀನು ಬಂದು ಎತ್ತಿಕೊಂಡು ಹೋಗಲಿಕ್ಕೆ. ನಿನ್ನ ಮಾತು ಅವರಿಗೆ ಹೇಳಿದೆ. ತಲೆ ಅಲ್ಲಾಡಿಸಿದರು. ಅವರ ಬಿಸಿಲು ಇಲ್ಲಿದೆ, ನನ್ನ ಮೆಷಿನ್ ಇಲ್ಲಿದೆ.

ಎರಡನೆಯದಾಗಿ, ನಿನ್ನ ಕಾಗದಗಳಲ್ಲಿ ನಿಜ ಬರೆದದ್ದು ಇದೊಂದರಲ್ಲೇ. ಮುತ್ತಿಟ್ಟೆ, ಉಬ್ಬಿಹೋದೆ ಅನ್ನುವುದಕ್ಕಿಂತ ಇದನ್ನು ಓದುವುದು ಸುಲಭ. ಆದರೆ ನಾನು ಹೇಗೆ ನೋಡುತ್ತಿದ್ದೆ ಅಂತ ನೀನೇ ತೀರ್ಮಾನ ಮಾಡಿಕೊಂಡು ಓಡಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಒಳ್ಳೆ ಮಾತಿಲ್ಲ.

ನಿನ್ನ ಪಟ್ಟಿಗಳನ್ನು ಬಿಚ್ಚಿದೆ. ಒಂದೊಂದು ಹೊಲಿಗೆಯನ್ನೂ ಬ್ಲೇಡಿನಲ್ಲಿ ಕೊಯ್ದು ತೆಗೆದೆ. ಶಾಲೆಚೀಲಕ್ಕೆ ಹಾಕುವ ಬಕಲ್ ತಂದು ಹೊಸ ಪಟ್ಟಿ ಹಾಕಿದ್ದೇನೆ, ಎಳೆದರೆ ಗಿಡ್ಡ, ಬಿಟ್ಟರೆ ಉದ್ದ. ಯಾರು ನಿಂತರೂ ಅಪ್ಪ ಮಟ್ಟಸವಾಗಿ ಬರುತ್ತಾರೆ. ಎದೆಗೆ ಅಡ್ಡಪಟ್ಟಿಯೂ ಇದೆ, ಜಾರುವ ಮಾತಿಲ್ಲ. ಬ್ಯಾಂಕಿನವರ ಮನೆಗೆ ಹೋಗಿ ಬಾಗಿಲು ತೆಗೆಯುವವರೆಗೆ ಬಡಿದೆ. ಅವರ ಹೆಂಡತಿ ತೆಗೆದರು. ‘ಇವರ ಕೈಲಿ ಆಗೋಲ್ಲ, ನಾನು ಹಿಡೀತೀನಿ’ ಅಂದರು. ಅವರು, ಮೇಲಿನ ಮನೆಯ ಟ್ಯೂಷನ್ ಟೀಚರು, ವಾಚ್‌ಮನ್, ಕಡೆಗೆ ಬ್ಯಾಂಕಿನವರೂ ಕಲಿತರು. ಮನೆಯಲ್ಲಿ ಯಾರಿರುತ್ತಾರೋ ಅವರು ಬರುತ್ತಾರೆ. ಭಾನುವಾರ ಅಪ್ಪನನ್ನು ಮೂರು ಸಲ ಇಳಿಸಿದೆವು. ಮೂರನೇ ಸಲ ಅವರು ಸಿನಿಮಾ ಹೀರೋ ಹಾಗೆ ಕೈ ಬೀಸುತ್ತ ಇಳಿದರು.

ಒಬ್ಬರ ಮೇಲೇ ನಿಂತ ಯೋಜನೆ ಯೋಜನೆಯಲ್ಲ ಅಂದ ನಿನ್ನ ಮೇಷ್ಟ್ರ ಮಾತು ಸರಿ ಇತ್ತು. ಅವರಿಗೆ ಹೇಳು. ನಿನಗೆ ಹೇಳುವುದು ಬೇರೆ. ತಲೆ ಕಡೆಗೆ ಈಗ ನೀನು ಬೇಕಾಗಿಲ್ಲ. ಬಿಡುಗಡೆ ಬೇಕಿತ್ತಲ್ಲ, ತಗೋ.

ಆದ್ದರಿಂದ ಬರಬೇಡ. ನೀನು ಹೋದ ದಿನ ಸಂಜೆ ಅಪ್ಪ ಚಮಚ ಬಡಿದರು. ನಾನು ಹೋಗಿ ನಿಂತೆ. ನನ್ನನ್ನು ನೋಡಲಿಲ್ಲ, ಬಾಗಿಲು ನೋಡುತ್ತ ಬಡಿದರು. ನಿನ್ನ ಮದುವೆಯಾಯಿತು ಅಂತ ಹೇಳಿದ ಮೇಲೂ ಬಡಿದರು. ನಾನೇ ಲೋಟ ತೆಗೆದಿಟ್ಟೆ. ಏನೂ ಅನ್ನಲಿಲ್ಲ ಅಂತ ನಿನಗೆ ಬರೆದದ್ದು ಸುಳ್ಳು. ನೀನು ಬಂದರೆ ಮತ್ತೆ ಹೊರಡುತ್ತೀಯ. ಅವರು ಬಾಗಿಲು ನೋಡುವುದನ್ನು ಇನ್ನೊಂದು ಸಲ ನೋಡಲು ನನ್ನಿಂದಾಗದು.

ಅಕ್ಕ


ಏಪ್ರಿಲ್ ೮

ಅಕ್ಕಾ,

ನಿನ್ನ ಕಾಗದ ಓದಿ ಇವರಿಗೆ ಕೊಟ್ಟೆ. ಇವರಿಗೆ ಬಕಲ್ ಎಷ್ಟು ಹಿಡಿಸಿತೆಂದರೆ ಮೇಲಿನ ಸಾಲುಗಳೂ ಕೆಳಗಿನ ಸಾಲುಗಳೂ ಕಣ್ಣಿಗೇ ಬೀಳಲಿಲ್ಲ. ಅಳತೆ ಕೇಳಿ ಬರಿ, ಎಲ್ಲ ಕಡೆ ತೋರಿಸಬಹುದು ಅಂದರು. ನಾನು ಸುಮ್ಮನೆ ಹಿತ್ತಿಲ ಬಾಗಿಲಲ್ಲಿ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಇವರು ಬಂದು, ಕೆಳಗಿನ ಸಾಲು ಈಗ ಓದಿದೆ ಅಂದರು. ಪಕ್ಕದಲ್ಲಿ ಕೂತರು. ಒಳ್ಳೆಯವರು ಅಂದೆನಲ್ಲ.

ನಾನು ಕುಣಿದಾಡಬೇಕಿತ್ತು. ಇಷ್ಟು ವರ್ಷ ಇದೊಂದೇ ಬೇಕು ಅಂತ ಒಳಗೊಳಗೇ ಅರಚುತ್ತಿದ್ದೆ. ನೀನು ಅದನ್ನು ಮಡಿಸಿ ಲಕೋಟೆಯಲ್ಲಿ ಹಾಕಿ ಕಳಿಸಿದೆ, ನನಗೆ ಬೇಕಾದದ್ದನ್ನು ಯಾವತ್ತೂ ನೀನೇ ಹೊಲಿದು ಕೊಟ್ಟ ಹಾಗೆ. ಬ್ಯಾಂಕಿನವರ ಹೆಂಡತಿ ನನ್ನ ಅಪ್ಪನ ತಲೆ ಹಿಡಿದು ಇಳಿಸುತ್ತಾರೆ, ಅಪ್ಪ ಕೈ ಬೀಸುತ್ತಾರೆ. ಒಳ್ಳೆಯದೇ ಆಯಿತು. ಆ ಸಾಲಿಗೆ ಬಂದಾಗ ಮಾತ್ರ ಕಾಗದ ಮಡಿಸಿಡುತ್ತೇನೆ.

ಬರಬೇಡ ಅಂದೆ. ನಾನು ಬರುತ್ತೇನೆ. ನೀನು ಹೇಳಿದ್ದೇ ಕಾರಣ. ಇಷ್ಟು ದಿನ ನಾನು ಬಂದಿದ್ದರೆ ಹಿಡಿಯಲಿಕ್ಕೆ ಬರಬೇಕಿತ್ತು, ಹಿಡಿದ ಮೇಲೆ ಬಿಡಲಿಕ್ಕಾಗದೆ ಉಳಿಯಬೇಕಿತ್ತು, ಅದಕ್ಕೇ ಹೆದರಿ ಪಾರ್ಸೆಲ್ ಕಳಿಸುತ್ತಿದ್ದೆ. ಈಗ ಹಿಡಿಯುವವರಿದ್ದಾರೆ. ನಾನು ಅಪ್ಪನನ್ನು ನೋಡಲಿಕ್ಕೆ ಬರುತ್ತಿದ್ದೇನೆ. ಅವರ ಮುಖ ಯಾವ ಕಡೆ ವಾಲಿದೆ ಅನ್ನೋದನ್ನು ಮತ್ತೆ ಮರೆಯಬಾರದು.

ಹೌದು, ನಾನು ಮತ್ತೆ ಹೊರಡುತ್ತೇನೆ. ಅವರು ಬಾಗಿಲು ನೋಡುತ್ತಾರೆ, ನೀನು ಅದನ್ನು ನೋಡಬೇಕಾಗುತ್ತದೆ, ಅದಕ್ಕೆ ನೀನು ನನ್ನನ್ನು ಬೈಯುತ್ತೀಯ. ಆಮೇಲೆ ಮತ್ತೆ ಬರುತ್ತೇನೆ. ಬರುತ್ತಾಳೆ, ಹೋಗುತ್ತಾಳೆ ಅಂತ ಅವರಿಗೆ ಗೊತ್ತಾಗುವವರೆಗೆ ಬರುತ್ತೇನೆ. ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಅವರನ್ನು ಬಿಟ್ಟು ನೀನು ಮೆಟ್ಟಿಲಿಳಿದದ್ದನ್ನು ನಾನು ಕ್ಷಮಿಸಿಲ್ಲ, ಅದು ಸರಿ ಅಂತ ಗೊತ್ತಿದ್ದರೂ. ನಾನು ಹೋದದ್ದನ್ನು ನೀನೂ ಕ್ಷಮಿಸಬೇಡ. ಬಾಗಿಲು ತೆಗೆದರೆ ಸಾಕು. ಮಾತಾಡದಿದ್ದರೂ ಪರವಾಗಿಲ್ಲ, ತಟ್ಟೆ ಕುಕ್ಕು. ತೆಗೆಯದಿದ್ದರೆ ನಾನು ಬ್ಯಾಂಕಿನವರ ಮನೆಯಲ್ಲಿ ಕೂತು ಬಾಗಿಲ ಈಚೆಯಿಂದ ಅಪ್ಪನ ಜೊತೆ ಮಾತಾಡುತ್ತೇನೆ, ನನ್ನ ಗಂಟಲು ನಿನಗೆ ಗೊತ್ತಿದೆ, ಎಲ್ಲ ಮಹಡಿಗೂ ಕೇಳುತ್ತದೆ.

ಇವರು ಬರುತ್ತಿಲ್ಲ. ಸೀರೆ ತರುತ್ತಿಲ್ಲ. ಅಪ್ಪನಿಗೆ ಮಾತ್ರ ಹೇಳಿಡು: ಶನಿವಾರ, ಬೆಳಗಿನ ಪ್ಯಾಸೆಂಜರ್.